ಕ್ಯಾಲ್ಗರಿಗೆ ಹೊರಡುವ ಮುಂಚೆ ಮೂಲ್ಕಿಗೆ ಹೋಗಿಬಂದೆವು

ನಮ್ಮವರಿಗೆ ಕೆನಡಾದ ಕ್ಯಾಲ್ಗರಿಯಲ್ಲಿ ಕೆಲಸ ಸಿಕ್ಕಿ, ವೀಸಾ ಬಂದ ಮೇಲೆ ನಮ್ಮಿಬ್ಬರ ನಡುವೆ ಪಟ್ಟಿ ಬಿಟ್ಟು ಬೇರೆ ಮಾತೇ ಇರಲಿಲ್ಲ. ಗ್ಯಾಸ್ ಕನೆಕ್ಷನ್ ವಾಪಸ್ ಕೊಟ್ಟಾಯ್ತಾ? ಪಿಎಫ್ ಕಾಗದ ಎಲ್ಲಿ? ಬೀರು ಯಾರಿಗೆ ಕೊಡೋದು? ಸಂಜೆಯಾದರೆ ಕುವೆಂಪುನಗರದಲ್ಲಿ ಯಾರದೋ ಮನೆಯಲ್ಲಿ ಊಟ, ಭಾನುವಾರ ಮಂಡ್ಯದಲ್ಲಿ ದೊಡ್ಡಮ್ಮನ ಮನೆ. ಹೋದಲ್ಲೆಲ್ಲ ಒಂದು ಡಬ್ಬ ಪುಳಿಯೋಗರೆ ಗೊಜ್ಜು. 23 ಕೆಜಿಯ ಸೂಟ್‌ಕೇಸಿಗೆ ಅರ್ಧ ಗೊಜ್ಜೇ ಆಗುವ ಹಾಗಿತ್ತು. ಹೊರಡುವ ಮುಂಚೆ ಒಂದು ವಾರಾಂತ್ಯ ನಮಗೇ ಬೇಕು ಅಂತ ನಾನು ಹಠ ಹಿಡಿದೆ.

ಊಟಿ, ಕೊಡಗು ಬೇಡ ಅಂದೆ. ಅಲ್ಲಿ ಕಾಫಿ ಕುಡಿಯುತ್ತಾ ಕೂತರೆ ಮತ್ತೆ ಪಟ್ಟಿಯೇ ಹೊರಗೆ ಬರುತ್ತದೆ. ಕೈಯಲ್ಲಿ ಫೋನ್ ಹಿಡಿಯೋಕೆ ಆಗದಂಥ ಕೆಲಸ ಬೇಕಿತ್ತು. ಜೊತೆಗೆ ನಾವು ಹೋಗುತ್ತಿರುವ ಕ್ಯಾಲ್ಗರಿಯಿಂದ ಕಡಲು ನೋಡಬೇಕೆಂದರೆ ರಾಕಿ ಪರ್ವತವನ್ನೇ ದಾಟಬೇಕು. ಮೈಸೂರಲ್ಲೂ ಕಡಲಿಲ್ಲ ಬಿಡಿ, ಆದರೆ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಮಂಗಳೂರು. ಹಾಗಾಗಿ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆಯ ಜೊತೆ ಜಾರುವುದು, ಕಲಿಯೋಣ ಅಂತಾಯಿತು.

ಸರ್ಫಿಂಗ್ ಅಂದರೆ ಗೋವಾಕ್ಕೋ ಬಾಲಿಗೋ ಹೋಗಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ದೇಶದ ಮೊದಲ ಸರ್ಫ್ ಕ್ಲಬ್ ಅನ್ನುವ ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಶುರುವಾಗಿದ್ದು ನಮ್ಮ ಮೂಲ್ಕಿಯಲ್ಲೇ. ಪಕ್ಕದ ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುತ್ತವೆ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದಿದ್ದು ಅಲ್ಲಿ. ಮಂಗಳೂರಿನಿಂದ ಉಡುಪಿ ಕಡೆಯ ಬಸ್ಸಿನಲ್ಲಿ ಸುಮಾರು 30 ಕಿ.ಮೀ. ಹೋದರೆ ಮೂಲ್ಕಿ.

ತಿಂಗಳು ನೋಡಿಕೊಂಡು ಹೋಗಬೇಕು. ಮಳೆಗಾಲದಲ್ಲಿ ಅಲ್ಲಿನ ಕಡಲು ಹೊಸಬರಿಗಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ನಾವು ಹೋಗಿದ್ದು ದೀಪಾವಳಿ ಕಳೆದ ಮೇಲೆ. ಅಲೆ ಸೊಂಟದೆತ್ತರಕ್ಕಿಂತ ಜಾಸ್ತಿ ಇರಲಿಲ್ಲ. ಕಲಿಯೋಕೆ ಅಷ್ಟು ಸಾಕು.

ಅತ್ತೆಗೆ ವಿಷಯ ಗೊತ್ತಾದಾಗ, "ಹೊರಡೋ ಟೈಮಲ್ಲಿ ಕೈಕಾಲು ಮುರ್ಕೊಂಡ್ರೆ ಏನಮ್ಮಾ ಗತಿ?" ಅಂದರು. ತಪ್ಪೇನಿಲ್ಲ, ನನಗೂ ಅದೇ ಯೋಚನೆ ಇತ್ತು. ನಾನು ಸರಸ್ವತೀಪುರಂ ಈಜುಕೊಳದಲ್ಲಿ ಈಜು ಕಲಿತವಳು. ನಮ್ಮವರಿಗೆ ಈಜು ಅಷ್ಟಕ್ಕಷ್ಟೆ. ಅದನ್ನು ಬುಕ್ ಮಾಡುವಾಗಲೇ ಹೇಳಿದೆವು. ಹಾಗಾಗಿ ಒಬ್ಬ ತರಬೇತುದಾರ ನಮ್ಮಿಬ್ಬರ ಜೊತೆಗೇ ಇದ್ದ, ಸೊಂಟದ ಮಟ್ಟದ ನೀರು ದಾಟಿ ಬಿಡಲಿಲ್ಲ.

ಹೆಂಗಸರಿಗೆ ಒಂದು ಮಾತು. ಸರ, ಓಲೆ, ಬಳೆ ಎಲ್ಲ ರೂಮಿನಲ್ಲೇ ಬಿಡಿ, ಕಾಲುಂಗುರ ಕೂಡ. ಏಳುವಾಗ ಕಾಲ್ಬೆರಳು ಹಲಗೆಗೆ ಉಜ್ಜುತ್ತದೆ, ಉಂಗುರವಿದ್ದರೆ ಚರ್ಮ ಕಿತ್ತು ಬರುತ್ತದೆ. ತುಂಬು ತೋಳಿನ, ಮೈಗಂಟುವ ಟೀ ಶರ್ಟ್ ಹಾಕಿ. ಇಲ್ಲದಿದ್ದರೆ ಉಪ್ಪುನೀರು, ಮರಳು, ಹಲಗೆ ಮೂರೂ ಸೇರಿ ಹೊಟ್ಟೆಯೆಲ್ಲ ಉರಿ.

ಮೊದಲ ಪಾಠ ಮರಳ ಮೇಲೆ. ಹೊಸಬರಿಗೆ ಕೊಡುವುದು ಮೇಲ್ಮೈ ಮೆತ್ತಗಿರುವ ಉದ್ದನೆಯ ಫೋಮ್ ಹಲಗೆ. ಉದ್ದವಾದಷ್ಟೂ ಅಲುಗಾಟ ಕಮ್ಮಿ. ಹಲಗೆಯ ಮೇಲೆ ಯಾವ ಕಾಲು ಮುಂದೆ ಇಡಬೇಕು ಅಂತ ತಿಳಿಯೋಕೆ ತರಬೇತುದಾರ ಹಿಂದಿನಿಂದ ಮೆಲ್ಲಗೆ ತಳ್ಳಿದ. ತಡೆಯೋಕೆ ಯಾವ ಕಾಲು ಮುಂದೆ ಬರುತ್ತದೋ ಅದೇ. ಹಿಂದಿನ ಕಾಲಿನ ಹರಡಿಗೆ ಹಗ್ಗ ಕಟ್ಟುತ್ತಾರೆ, ಬಿದ್ದರೂ ಹಲಗೆ ದೂರ ಹೋಗಬಾರದಲ್ವಾ. ಬೋರಲು ಮಲಗು, ಎರಡೂ ಕೈಯಲ್ಲಿ ನೀರು ಎಳೆ, ಎದೆಯ ಪಕ್ಕ ಅಂಗೈ ಊರು, ಒಂದೇ ಏಟಿಗೆ ಎದ್ದು ಮಂಡಿ ಬಗ್ಗಿಸಿ ನಿಲ್ಲು. ಮರಳ ಮೇಲೆ ಇಬ್ಬರೂ ಚಾಂಪಿಯನ್‌ಗಳೇ.

ನೀರಿನಲ್ಲಿ ಬೇರೆ ಕಥೆ. ಹೊಸಬರು ಹಿಡಿಯುವುದು ಆಗಲೇ ಒಡೆದು ದಡದ ಕಡೆ ನುಗ್ಗುವ ಬಿಳಿ ನೊರೆಯನ್ನು. ಹಲಗೆಯ ಹಿಂತುದಿಗೆ ನೊರೆ ತಾಗಿದ ಕೂಡಲೇ ಅದು ಮುಂದಕ್ಕೆ ಚಿಮ್ಮುತ್ತದೆ. ಆಗ ಕಣ್ಣು ಕಾಲಿನ ಕಡೆ ಹೋಯಿತೋ, ಮುಗೀತು. "ಬೋರ್ಡ್ ನೋಡ್ಬೇಡಿ ಮಾರ್ರೆ, ಆ ತೆಂಗಿನಮರ ನೋಡಿ" ಅಂತ ಅವನು ಕೂಗುತ್ತಲೇ ಇದ್ದ. ತೆಂಗಿನಮರ ನೋಡಿದ ದಿನ ನಿಂತೆ. ಎಲ್ಲೋ ನಾಲ್ಕೈದು ಸೆಕೆಂಡ್ ಇರಬೇಕು. ಕಾಲಡಿ ನೀರು ಜಾರುತ್ತಿರುವುದು ಅಂಗಾಲಿಗೆ ಗೊತ್ತಾಯಿತು, ಬಾಯಿಂದ ಸುಮ್ನೆ ಕಿರುಚಾಟ ಬಂತು.

ಬೀಳುವುದಕ್ಕೂ ಕ್ರಮವಿದೆ. ತಲೆ ಕೆಳಗಾಗಿ ಧುಮುಕಬಾರದು, ಅಗಲವಾಗಿ ಬೀಳಬೇಕು, ಮೇಲೆ ಬರುವಾಗ ತೋಳು ತಲೆಗೆ ಅಡ್ಡ ಇರಬೇಕು. ನಮಗೂ ಅಲೆಗೂ ನಡುವೆ ಹಲಗೆ ಇರಕೂಡದು, ಅಲೆ ಅದನ್ನೇ ತಂದು ಮೂತಿಗೆ ಬಡಿಯುತ್ತದೆ. ಸೆಳವು ಒಳಗೆ ಎಳೆದರೆ ಅದರ ವಿರುದ್ಧ ಈಜಿ ಸುಸ್ತಾಗಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕು.

ನನಗೆ ಹೆಚ್ಚು ಹಿಡಿಸಿದ್ದು ಸರದಿ. ಒಬ್ಬರ ಹಲಗೆ ತಳ್ಳುವಾಗ ಇನ್ನೊಬ್ಬರು ನೀರಲ್ಲಿ ನಿಂತು ನೋಡಬೇಕು, ಬೇರೆ ಕೆಲಸವಿಲ್ಲ. ನಮ್ಮವರು ಬೀಳುವುದನ್ನೂ ಮೂಗಲ್ಲಿ ನೀರು ಸುರಿಸುತ್ತಾ ನಗುವುದನ್ನೂ ನೋಡುತ್ತಾ ನಿಂತೆ. ಅಷ್ಟು ಹೊತ್ತು ಅವರ ಮುಖ ನೋಡಿ ಎಷ್ಟು ಕಾಲವಾಗಿತ್ತೋ.

ಅವತ್ತು ಸಂಜೆ ಗೋಳಿಬಜೆ ತಿನ್ನುತ್ತಾ ಮರಳಲ್ಲಿ ಕೂತಿದ್ದಾಗ, "ರೀ, ನಂಗೆ ಅಲ್ಲಿ ಕೆಲಸ ಸಿಗದಿದ್ರೆ ಏನ್ ಮಾಡೋಣ?" ಅಂತ ಕೇಳೇಬಿಟ್ಟೆ. ಅಲ್ಲಿ ಕೆಲಸ ಸಿಕ್ಕಿರುವುದು ಅವರಿಗೆ, ನನಗಲ್ಲ. ಅವರು ಸಮಾಧಾನದ ಮಾತು ಹೇಳಲಿಲ್ಲ, ಲೆಕ್ಕ ಹಾಕಿದರು. ಎರಡು ಚಳಿಗಾಲ ನೋಡೋಣ, ಅಲ್ಲಿವರೆಗೆ ಇಲ್ಲಿನ ಮನೆ ಮಾರೋದು ಬೇಡ, ಬಾಡಿಗೆಗೆ ಕೊಡೋಣ. ಮೈಸೂರಿನ ಮನೆಯಲ್ಲಿ ಕೂತು ಈ ತೀರ್ಮಾನಕ್ಕೆ ಬರೋಕೆ ನಮಗೆ ಆಗಿರಲಿಲ್ಲ.

ಸೋಮವಾರ ಬೆಳಗ್ಗೆ ಬಸ್ಸಿಳಿದು ಸ್ನಾನ ಮಾಡಿ ಬ್ಯಾಂಕಿಗೆ ಹೋದೆವು. ದೇಶ ಬಿಟ್ಟು ನೆಲೆಸುವವರು ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು, ಅದರ ಅರ್ಜಿ ಕೇಳಬೇಕಿತ್ತು. ಭುಜದ ನೋವಿಗೆ ಕೌಂಟರಿನ ಮೇಲೆ ಕೈ ಎತ್ತಿಡುವುದೂ ಕಷ್ಟವಾಗಿತ್ತು. ನಮ್ಮವರು ಸಾಲಿನಲ್ಲಿ ನಿಂತೇ ಏನೋ ಹುಡುಕಿ ತೋರಿಸಿದರು. ಕ್ಯಾಲ್ಗರಿಯ ಬೋ ನದಿಯಲ್ಲಿ, ಊರೊಳಗಿನ ಸೇತುವೆಯ ಹತ್ತಿರ, ಇದ್ದಲ್ಲೇ ನಿಲ್ಲುವ ಒಂದು ಅಲೆ ಇದೆಯಂತೆ, ಜನ ಅದರ ಮೇಲೆ ಸರ್ಫ್ ಮಾಡುತ್ತಾರಂತೆ. ಹಿಮ ಕರಗಿದ ನೀರು, ಮೈ ಬೆಚ್ಚಗಿಡುವ ವೆಟ್‌ಸೂಟ್ ಇಲ್ಲದೆ ಇಳಿಯೋಕಾಗಲ್ಲ. ಅದು ಬಾಡಿಗೆಗೆ ಸಿಗುತ್ತದಾ ಅಂತ ಈಗ ವಿಚಾರಿಸುತ್ತಿದ್ದಾರೆ.