ಕದಲದ ಮಳೆಮೋಡವನ್ನು ಗುರುತಿಸುವುದು ಹೇಗೆ?

ಇಲ್ಲಿ ಮೊಣಕಾಲುದ್ದ ನೀರು, ಎರಡು ಕಿಲೋಮೀಟರ್ ಆಚೆ ಒಣ ರಸ್ತೆ. ಬೇಸಿಗೆಯ ಗುಡುಗು ಮಳೆ ಹೀಗೇ. ಮಳೆಯ ಜೋರಿನಷ್ಟೇ ಮೋಡದ ವೇಗವೂ ಮುಖ್ಯ. 10 ಕಿ.ಮೀ. ಅಗಲದ ಮಳೆ ಗಂಟೆಗೆ 40 ಕಿ.ಮೀ. ಸಾಗಿದರೆ ಕಾಲು ಗಂಟೆಯಲ್ಲಿ ನಿಮ್ಮನ್ನು ದಾಟುತ್ತದೆ. 5 ಕಿ.ಮೀ. ವೇಗವಾದರೆ ಎರಡು ಗಂಟೆ ಸುರಿಯುತ್ತದೆ.

ಮೊದಲು ದೂರದಿಂದಲೇ ಮೋಡದ ತಲೆ ನೋಡಿ. ತುದಿ ಒಂದೇ ಕಡೆಗೆ ಎಳೆದಂತೆ ಚಾಚಿದ್ದರೆ ಮೇಲ್ಗಾಳಿ ಜೋರಾಗಿದೆ, ಮೋಡ ಸಾಗುವ ಸಾಧ್ಯತೆ ಜಾಸ್ತಿ. ಅಣಬೆಯಂತೆ ಸುತ್ತಲೂ ಹರಡಿದ್ದರೆ ತಳ್ಳುವ ಗಾಳಿ ಕಡಿಮೆ.

ಇನ್ನು ಎಣಿಕೆ. ಮನೆಯೊಳಗೇ ಕೂತು, ಮಿಂಚಿನಿಂದ ಗುಡುಗಿನವರೆಗೆ ಸೆಕೆಂಡ್ ಎಣಿಸಿ. 3 ಸೆಕೆಂಡಿಗೆ ಒಂದು ಕಿ.ಮೀ. 30ಕ್ಕಿಂತ ಕಡಿಮೆ ಬಂದರೆ ಹೊರಗೆ ಕಾಲಿಡಬೇಡಿ. ಮಿಂಚು ಮೋಡದ ಯಾವ ಮೂಲೆಯಿಂದಲೂ ಬರಬಹುದು, ಹಾಗಾಗಿ ನಾಲ್ಕೈದು ಸಲ ಎಣಿಸಿ. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ಆಗಲೂ 24, ಈಗಲೂ 24 ಅಂದ್ರೆ, ಅದು 8 ಕಿ.ಮೀ. ದೂರದಲ್ಲೇ ಠಿಕಾಣಿ ಹೂಡಿರಬಹುದು.

ಫೋನಿನಲ್ಲಿ ರೇಡಾರ್ ಚಿತ್ರ ಸಿಕ್ಕರೆ ಇನ್ನೂ ಸುಲಭ. ಕಳೆದ ಒಂದು ಗಂಟೆಯ ಚಿತ್ರಗಳನ್ನು ಓಡಿಸಿ, ಜೋರು ಮಳೆ ತೋರಿಸುವ ಕೆಂಪು ಮಚ್ಚೆಯ ಮೇಲೆ ಬೆರಳಿಡಿ. ಮಚ್ಚೆ ಬೆರಳಿನಡಿಯೇ ಉಳಿಯಿತಾ? ಎಚ್ಚರ. ಅದು ಒಂದೇ ಮೋಡ ಅಂದುಕೊಳ್ಳಬೇಡಿ. ಒಂದೊಂದರ ಆಯಸ್ಸು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಮಳೆಯ ಜೊತೆ ಇಳಿದ ತಣ್ಣನೆ ಗಾಳಿ ನೆಲದ ಮೇಲೆ ಹರಡಿ, ಪಕ್ಕದ ಬಿಸಿ, ತೇವದ ಗಾಳಿಯನ್ನು ಮೇಲಕ್ಕೆತ್ತುತ್ತದೆ. ಅಲ್ಲೇ ಇನ್ನೊಂದು ಮೋಡ ಹುಟ್ಟುತ್ತದೆ. ನಾವು ಮೋಸಹೋಗುವುದು ಇಲ್ಲೇ. ಮಳೆ ನಿಂತಿತಲ್ವಾ ಅಂತ ಹೊರಡುತ್ತೇವೆ, ಅರ್ಧ ದಾರಿಯಲ್ಲಿ ಎರಡನೆಯದು ಹಿಡಿಯುತ್ತದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಕಾಯಿರಿ.

ತಾರಸಿಯ ಕೆಲಸವನ್ನು ಮೋಡ ಕಟ್ಟುವ ಮೊದಲೇ ಮುಗಿಸಿ. ಒಂದು ಮಿ.ಮೀ. ಮಳೆ ಅಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 50 ಮಿ.ಮೀ. ಬಿದ್ದರೆ 5,000 ಲೀಟರ್! ಪೈಪಿನ ಬಾಯಿಗೆ ಒದ್ದೆ ಎಲೆ ನಾಲ್ಕು ಅಂಟಿದರೂ ಸಾಕು, ತಾರಸಿ ಕೆರೆಯಾಗುತ್ತದೆ.

ಹೊರಗಿದ್ದರೆ ಹರಿಯುವ ನೀರಿಗೆ ಇಳಿಯಬೇಡಿ. 15 ಸೆಂ.ಮೀ. ಆಳದ ರಭಸದ ನೀರು ದೊಡ್ಡವರನ್ನೂ ಬೀಳಿಸಬಹುದು, 30 ಸೆಂ.ಮೀ. ಆದರೆ ಸಣ್ಣ ಕಾರನ್ನೇ ತೇಲಿಸಬಹುದು. ಮಳೆ ನಿಮ್ಮ ಮೇಲೇ ಬೀಳಬೇಕೆಂದೂ ಇಲ್ಲ. 1976ರ ಜುಲೈ 31ರಂದು ಅಮೆರಿಕದ ಕೊಲೊರಾಡೊದಲ್ಲಿ, ಬಿಗ್ ಥಾಂಪ್ಸನ್ ಕಣಿವೆಯ ಮೇಲ್ಭಾಗದಲ್ಲಿ ಇಂಥದೇ ಮಳೆ ಗಂಟೆಗಟ್ಟಲೆ ನಿಂತು ಸುರಿಯಿತು. ಕೆಳಗೆ ನುಗ್ಗಿದ ನೀರಿಗೆ 140ಕ್ಕೂ ಹೆಚ್ಚು ಜನ ಬಲಿಯಾದರು. ಆ ರಾಜ್ಯದ ಕಣಿವೆ ರಸ್ತೆಗಳಲ್ಲಿ ಈಗ ಫಲಕಗಳಿವೆ: ಪ್ರವಾಹ ಬಂದರೆ ಗುಡ್ಡ ಹತ್ತಿ.