ಹೆಂಚಿನ ಚೂರಲ್ಲಿ ಅಥೆನ್ಸ್

ಎಂಟನೇ ತರಗತಿಗೆ ಗ್ರೀಕ್ ನಾಗರಿಕತೆ ಪಾಠ ಅಂದರೆ ನನಗೇ ಬೇಜಾರು ಬರುತ್ತಿತ್ತು. ‘ಅಥೆನ್ಸ್ ಪ್ರಜಾಪ್ರಭುತ್ವದ ತೊಟ್ಟಿಲು’ ಅಂತ ಬೋರ್ಡ್ ಮೇಲೆ ಬರೆಯೋದು, ಮಕ್ಕಳು ಬಾಯಿಪಾಠ ಮಾಡೋದು, ಒಂದಂಕ ತಗೊಂಡು ಮರೆಯೋದು. ಒಂದು ಬೇಸಿಗೆ ರಜೆಯಲ್ಲಿ ಶಾಲೆಯ ಹಳೇ ಕೊಠಡಿಯ ಹೆಂಚು ಇಳಿಸಿದ್ದರು. ಜೂನ್‌ನಲ್ಲಿ ನೋಡಿದರೆ ಹುಡುಗಿಯರು ಆ ರಾಶಿಯಿಂದಲೇ ಚೂರು ಆರಿಸಿ ಕುಂಟೆಬಿಲ್ಲೆ ಆಡುತ್ತಿದ್ದಾರೆ. ಅಥೆನ್ಸಿನವರು ಹೆಸರು ಗೀರಿದ್ದೂ ಇಂಥ ಬೋಕಿ ಮೇಲೇ ಅಲ್ಲವೇ ಅಂತ ಆಗ ಹೊಳೆಯಿತು.

ಮಡಕೆ ಚೂರಿಗೆ ಅಲ್ಲಿ ಆಸ್ಟ್ರಕಾನ್ ಅನ್ನುತ್ತಿದ್ದರು. ಈ ಸಲ ಯಾರನ್ನಾದರೂ ಊರು ಬಿಡಿಸಬೇಕೇ ಎಂದು ವರ್ಷಕ್ಕೊಮ್ಮೆ ಸಭೆಯಲ್ಲಿ ಕೇಳುವುದು. ಹೌದು ಅಂದರೆ ಮುಂದೊಂದು ದಿನ ಚೂರಿನ ಮೇಲೆ ಹೆಸರು ಗೀರಿ ಹಾಕುವುದು. ಕಡೇಪಕ್ಷ 6,000 ಚೂರು ಬೀಳಬೇಕು. ಆರೋಪವಿಲ್ಲ, ವಿಚಾರಣೆಯಿಲ್ಲ, ಆಸ್ತಿಗೆ ಕೈ ಹಚ್ಚುವುದಿಲ್ಲ. ಆದರೆ ಹತ್ತು ವರ್ಷ ಆ ಕಡೆ ತಲೆ ಹಾಕುವ ಹಾಗಿಲ್ಲ.

ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆ. ಕ್ಲಾಸಿನಲ್ಲೇ ಯಾರದಾದರೂ ಹೆಸರು ಬರೆಯಿರಿ ಅಂದೆ. ಮಾನಿಟರ್ ಹುಡುಗನಿಗೆ ಹತ್ತೊಂಬತ್ತು ಚೂರು ಬಿತ್ತು. ಅವನು ನಕ್ಕ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅವನಮ್ಮ ಬಂದು, “ಏನ್ ಸಾರ್, ನನ್ ಮಗನಿಗೆ ಬಹಿಷ್ಕಾರ ಹಾಕಿಸಿದ್ರಂತೆ?” ಅಂದರು. ಪಾಠದಲ್ಲಿ ನಾನೇ ಬಳಸಿದ್ದ ಪದ. ಹಳ್ಳಿಯಲ್ಲಿ ಬಹಿಷ್ಕಾರ ಅಂದರೆ ಬಾವಿ, ಅಂಗಡಿ, ಮಾತು ಎಲ್ಲ ಬಂದ್. ಕ್ಷಮೆ ಕೇಳಿದೆ, ಹುಡುಗನಿಗೂ ಕೇಳಿದೆ.

ಮರುವರ್ಷ ಅಥೆನ್ಸಿನ ಇಬ್ಬರು ಮುಖಂಡರ ಹೆಸರು ಮಾತ್ರ ಕೊಟ್ಟೆ: ಥೆಮಿಸ್ಟೋಕ್ಲಿಸ್, ಅರಿಸ್ಟೈಡಿಸ್. ಎಣ್ಣೆ ಸೀಗೇಕಾಯಿ ಸಂಬಂಧ. ಅಥೆನ್ಸಿನವರ ಲಾರಿಯಾನ್ ಗಣಿಯಲ್ಲಿ ಬೆಳ್ಳಿ ಸಿಕ್ಕಿದೆ, ತಲೆಗೆ ಹತ್ತು ದ್ರಾಕ್ಮಾ (ಅಲ್ಲಿನ ಬೆಳ್ಳಿ ನಾಣ್ಯ) ಹಂಚೋಣವೇ, ಹಡಗು ಕಟ್ಟೋಣವೇ ಅಂತ ಮೊದಲು ಚರ್ಚೆ ಇಟ್ಟೆ. “ಹಂಚಿಬಿಡಿ ಸಾರ್!” ಹೆಚ್ಚುಕಡಿಮೆ ಇಡೀ ಕ್ಲಾಸು. ಹಡಗು ಬೇಕು ಎಂದು ಪಟ್ಟು ಹಿಡಿದ ಥೆಮಿಸ್ಟೋಕ್ಲಿಸ್ ಪಾತ್ರದ ಹುಡುಗನಿಗೆ ಗಂಟಲು ಕಟ್ಟಿತು. ಕ್ರಿ.ಪೂ. 480ರಲ್ಲಿ ಸಲಾಮಿಸ್ ಬಳಿ ಪರ್ಷಿಯನ್ನರನ್ನು ಸೋಲಿಸಿದ್ದು ಅದೇ ಹಡಗುಪಡೆ ಅಂತ ನಾನು ಆಮೇಲೆ ಹೇಳಿದೆ. ಮೊದಲೇ ಹೇಳಿದರೆ ಆಟ ಕೆಡುತ್ತದೆ.

ಆಮೇಲೆ ಮೊಳೆ, ಚೂರು. ಇಲ್ಲೊಂದು ಕಿತಾಪತಿ ಮಾಡಿದ್ದೆ. ಥೆಮಿಸ್ಟೋಕ್ಲಿಸ್ ಹೆಸರನ್ನು ಎಂಟು ಚೂರುಗಳಲ್ಲಿ ನಾನೇ ಗೀರಿ, ಇಬ್ಬರು ಹುಡುಗರ ಕೈಗೆ ಗುಟ್ಟಾಗಿ ಕೊಟ್ಟು, ‘ಬರೆಯೋಕೆ ಬೇಜಾರು ಅನ್ನೋರಿಗೆ ಹಂಚಿ’ ಅಂದಿದ್ದೆ. ಎಣಿಸುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಚೂರುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದಳು. “ಸಾರ್, ಇವೆಂಟರಲ್ಲೂ ‘ಥ’ದ ಹೊಟ್ಟೆಯೊಳಗೆ ಚುಕ್ಕಿ ಇಲ್ಲ, ಗೀಟು ಇದೆ. ನೀವು ಬೋರ್ಡ್ ಮೇಲೆ ಬರೀತೀರಲ್ಲ, ಹಂಗೇ.” ಸಿಕ್ಕಿಬಿದ್ದೆ! ಅಥೆನ್ಸಿನ ಆಕ್ರೊಪೊಲಿಸ್ ಬೆಟ್ಟದ ಪಕ್ಕದ ಒಂದು ಬಾವಿಯಲ್ಲಿ ಥೆಮಿಸ್ಟೋಕ್ಲಿಸ್ ಹೆಸರಿನ ಸುಮಾರು 190 ಚೂರು ಸಿಕ್ಕಿದ್ದನ್ನೂ, ಅವನ್ನು ಹದಿನಾಲ್ಕೇ ಜನ ಬರೆದಿರಬೇಕು ಅಂತ ವಿದ್ವಾಂಸರು ಕೈಬರಹ ನೋಡಿ ಹೇಳಿದ್ದನ್ನೂ ಆಗ ಹೇಳಿದೆ. ಪ್ರಶ್ನೆಗಳು ಹೇಗೆ ಬಂದವೆಂದರೆ ಬೆಲ್ ಹೊಡೆದದ್ದೇ ಗೊತ್ತಾಗಲಿಲ್ಲ. ಕಳ್ಳವೋಟೋ, ಅಕ್ಷರ ಬಾರದವರಿಗೆ ಮಾಡಿದ ಸಹಾಯವೋ? ಕ್ಲಾಸು ಇಬ್ಭಾಗ.

ಎರಡನೇ ಪೀರಿಯಡ್‌ನಲ್ಲಿ ಹುಡುಗಿಯರ ಚೂರನ್ನೆಲ್ಲ ತೆಗೆದು ಬದಿಗಿಟ್ಟೆ. ಅಥೆನ್ಸಿನಲ್ಲಿ ಹೆಂಗಸರಿಗೆ ಮತ ಇರಲಿಲ್ಲ, ಗುಲಾಮರಿಗಿಲ್ಲ, ಹೊರಗಿನಿಂದ ಬಂದು ನೆಲೆಸಿದವರಿಗೂ ಇಲ್ಲ. ಫಲಿತಾಂಶವೇ ತಿರುಗಿಬಿತ್ತು. ಗಲಾಟೆಗೆ ಪಕ್ಕದ ಕ್ಲಾಸಿನ ಗಣಿತದ ಮೇಡಂ ಬಂದು ಇಣುಕಿದರು.

ಮಾಡುವವರಿಗೆ ಒಂದು ಮಾತು: ಚೂರಿನ ಅಂಚನ್ನು ಮೊದಲೇ ಕಲ್ಲಿಗೆ ಉಜ್ಜಿಡಿ, ನಮ್ಮಲ್ಲಿ ಒಬ್ಬನ ಬೆರಳು ಕೊಯ್ದಿತ್ತು. ಚೂರುಗಳನ್ನು ಗೋಣಿಚೀಲಕ್ಕೆ ತುಂಬಿ ಸ್ಟಾಫ್ ರೂಮಿನ ಮೂಲೆಯಲ್ಲಿಟ್ಟಿದ್ದೇನೆ. ಏಳೆಂಟು ಕಮ್ಮಿ ಇವೆ, ಕುಂಟೆಬಿಲ್ಲೆಗೆ ಹೋಗಿರಬೇಕು.