ಕಬ್ಬಿಣದ ಚಿಲಕಕ್ಕೆ ಮನೆಯಲ್ಲೇ ತಾಮ್ರ ಹತ್ತಿಸಿದ್ದು

ಕಬ್ಬಿಣವನ್ನು ಮೈಲುತುತ್ತದ (ಕಾಪರ್ ಸಲ್ಫೇಟ್, ಅಂದರೆ ತಾಮ್ರದ ನೀಲಿ ಉಪ್ಪು) ನೀರಿಗೆ ಅದ್ದಿದರೆ ಕರೆಂಟೇ ಬೇಡ, ನೋಡನೋಡುತ್ತಲೇ ಕೆಂಪಾಗುತ್ತದೆ. ಆದರೆ ಬಟ್ಟೆಯಲ್ಲಿ ಒರೆಸಿ, ಅಷ್ಟೂ ಕಿತ್ತು ಬರುತ್ತದೆ. ಕಬ್ಬಿಣ ನೀರಿಗೆ ಕರಗಿ ಆ ಜಾಗದಲ್ಲಿ ತಾಮ್ರ ಸಡಿಲವಾಗಿ ಕೂತಿರುತ್ತದೆ, ಅಷ್ಟೇ. ಹಾಗಾಗಿ ನಮ್ಮ ಹಳೇ ಬಾಗಿಲಿನ ಚಿಲಕಕ್ಕೆ ನಾನು ಮೊದಲು ತೆಳುವಾಗಿ ನಿಕಲ್ ಹಾಕಿದೆ, ಅದರ ಮೇಲೆ ತಾಮ್ರ.

ಜಾಸ್ತಿ ಕೆಲಸ ಇರುವುದು ಇದಕ್ಕೂ ಮುಂಚೆ. ತುಕ್ಕು ಪೂರ್ತಿ ಹೋಗುವ ತನಕ ಎಮರಿ ಪೇಪರ್‌ನಲ್ಲಿ ತಿಕ್ಕಿ, ಪಾತ್ರೆ ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿದೆ. ಆಮೇಲೆ ಬರಿಗೈಯಲ್ಲಿ ಮುಟ್ಟಲೇ ಇಲ್ಲ. ನೀರಲ್ಲಿ ಅದ್ದಿ ಮೇಲೆತ್ತಿದಾಗ ನೀರು ಮೈತುಂಬ ಒಂದೇ ಪದರವಾಗಿ ನಿಲ್ಲಬೇಕು. ಕೆಸುವಿನ ಎಲೆ ಮೇಲಿನ ಹಾಗೆ ಹನಿ ಹನಿಯಾಗಿ ಒಡೆದರೆ ಅಲ್ಲಿನ್ನೂ ಜಿಡ್ಡಿದೆ, ಮತ್ತೆ ಉಜ್ಜಬೇಕು. ಜಿಡ್ಡಿನ ಮೇಲೆ ಕೂತ ಲೋಹ ಇವತ್ತು ಹೊಳೆದರೂ ನಾಳೆ ಸಿಪ್ಪೆ ಏಳುತ್ತದೆ.

ನಿಕಲ್‌ಗೆ ವಿನೆಗರ್ ಮತ್ತು ಚಿಟಿಕೆ ಉಪ್ಪು ಸಾಕು. ಎರಡು ಶುದ್ಧ ನಿಕಲ್ ಪಟ್ಟಿಗಳ ಮಧ್ಯೆ ಕರೆಂಟ್ ಹರಿಸಿ, ದ್ರಾವಣ ತಿಳಿ ಹಸಿರಾದ ಮೇಲೆ ಮೈನಸ್ ಕಡೆ ಚಿಲಕ ಕಟ್ಟಿದೆ. ಪಟ್ಟಿ ಸಿಗಲಿಲ್ಲ ಅಂತ ಸ್ಟೀಲ್ ಚಮಚ ಕಟ್ಟಬೇಡಿ, ಅದರಲ್ಲಿರುವ ಕ್ರೋಮಿಯಂ ವಿಷವಾಗಿ ದ್ರಾವಣಕ್ಕೆ ಇಳಿಯಬಹುದು.

ಮೈಲುತುತ್ತ ನಮ್ಮಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರ ಮನೆಯಲ್ಲೆಲ್ಲ ಇರುತ್ತದೆ. ಲೀಟರಿಗೆ 200 ಗ್ರಾಂ ಕರಗಿಸಿ, ಅದಕ್ಕೆ ಸ್ವಲ್ಪ ಬ್ಯಾಟರಿ ಆಸಿಡ್ ಸೇರಿಸಿದೆ (ಆಸಿಡನ್ನೇ ನೀರಿಗೆ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು, ಕನ್ನಡಕ ಗ್ಲೌಸ್ ಇಲ್ಲದೆ ಮುಟ್ಟಲೇಬಾರದು). ಪ್ಲಸ್‌ಗೆ ದಪ್ಪ ತಾಮ್ರದ ತಂತಿ. ಅದು ಕರಗುತ್ತಾ ಹೋದ ಹಾಗೆ ಈ ಕಡೆ ಚಿಲಕದ ಮೇಲೆ ತಾಮ್ರ ಕೂರುತ್ತದೆ. ನಿಕಲ್ ಆದ ಚಿಲಕವನ್ನು ತೊಳೆದು, ಒಣಗಲು ಬಿಡದೆ, ಕರೆಂಟ್ ಹರಿಯುತ್ತಿರುವಾಗಲೇ ಇಳಿಸಿದೆ. 10 ಸೆಂ.ಮೀ. ಉದ್ದ, ಅಷ್ಟೇ ಅಗಲದ ಮೈಗೆ 1 ಆಂಪಿಯರ್ ಕೊಟ್ಟರೆ ಗಂಟೆಗೆ ಸುಮಾರು 13 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 13 ಪಾಲು) ದಪ್ಪ ಕೂರುತ್ತದೆ. ಬೇಗ ಆಗಲಿ ಅಂತ ಸುಮ್ನೆ ಕರೆಂಟ್ ಏರಿಸಿದರೆ ಅಂಚುಗಳು ಕಪ್ಪಗೆ ಸುಟ್ಟು ಪುಡಿಯಾಗುತ್ತವೆ, ಯಾಕೆಂದರೆ ಕರೆಂಟ್ ಚೂಪು ಜಾಗಕ್ಕೇ ಹೆಚ್ಚು ಓಡುತ್ತದೆ. ಅದಕ್ಕೇ ತಂತಿಯನ್ನು ಚಿಲಕದ ಎರಡೂ ಕಡೆ ಇಟ್ಟು, ಆಗಾಗ ತಿರುಗಿಸುತ್ತಿದ್ದೆ.

ಹೊರಗೆ ತೆಗೆದಾಗ ಹೊಳಪಿಲ್ಲದ ನಸುಗೆಂಪು, ಬ್ರಾಸೋ ಹಾಕಿ ಉಜ್ಜಿದ ಮೇಲೆ ಹೊಳೆಯಿತು. ಉಳಿದ ದ್ರಾವಣಗಳನ್ನು ಚರಂಡಿಗೆ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ. ಬೇರೆ ಬೇರೆ ಬಾಟಲಿಗೆ ತುಂಬಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮುಂದಿನ ಸಲಕ್ಕೆ ಅದೇ ಆಗುತ್ತದೆ.